ಅಭಯ ಕೊಟ್ಟರು, ಮಾಹಿತಿ ಕೊಡಲಿಲ್ಲ: ಕಾರ್ಖಾನೆ ಮುಖ್ಯಸ್ಥರೊಬ್ಬರ ಪ್ರಕರಣ

ಇಲ್ಲಿ ಬರುವ ವ್ಯಕ್ತಿಯ ಒಪ್ಪಿಗೆ ಪಡೆದು, ಅವರನ್ನಾಗಲಿ ಅವರ ಸಂಸ್ಥೆಯನ್ನಾಗಲಿ ಗುರುತಿಸಲು ಬರುವಂಥ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ. ಅವರನ್ನು ಬರಹದುದ್ದಕ್ಕೂ ‘ಶ್ರೀಯುತರು’ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದಕ್ಕೆ ಶ್ರೀಯುತರು ಮುಖ್ಯಸ್ಥರು. ವಯಸ್ಸು ಐವತ್ತು ದಾಟಿದೆ. ಡಿಪ್ಲೊಮಾ ಮುಗಿಸಿ ಅದೇ ಕಾರ್ಖಾನೆಗೆ ಟ್ರೈನಿಯಾಗಿ ಸೇರಿ, ಲೇತ್ ಮುಂದೆ ನಿಂತು ಕೆಲಸ ಕಲಿತು, ಸೂಪರ್‌ವೈಸರ್ ಆಗಿ, ಪ್ರೊಡಕ್ಷನ್ ಮ್ಯಾನೇಜರ್ ಆಗಿ ಈ ಸ್ಥಾನಕ್ಕೆ ಬಂದವರು. ಕೆಲಸಗಾರರಲ್ಲಿ ಹೆಚ್ಚಿನವರ ಹೆಸರು, ಊರು, ಮಕ್ಕಳು ಓದುತ್ತಿರುವ ತರಗತಿ ಅವರಿಗೆ ಗೊತ್ತು. ಮದುವೆ, ಗೃಹಪ್ರವೇಶಗಳಿಗೆ ತಪ್ಪದೆ ಹೋಗುತ್ತಾರೆ. ಯಾರಾದರೂ ಆಸ್ಪತ್ರೆ ಸೇರಿದರೆ ಸಂಜೆ ಹಣ್ಣು ಹಿಡಿದು ಅಲ್ಲಿರುತ್ತಾರೆ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಫೀಸಿಗೆ ಪರದಾಡುವವರಿಗೆ ತಮ್ಮ ಜೇಬಿನಿಂದಲೇ ಸಹಾಯ ಮಾಡುತ್ತಾರೆ. ಅಂಥವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದದ್ದು ರಾತ್ರಿ ಎರಡು, ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂಬ ದೂರಿನೊಂದಿಗೆ.

ನಿದ್ದೆಗೆಟ್ಟ ಕಾರಣ ಮೊದಲ ಭೇಟಿಯಲ್ಲೇ ಹೊರಬಂತು. ಕಾರ್ಖಾನೆಯ ಒಂದು ಮೆಷಿನಿಂಗ್ ಲೈನನ್ನು (ಬಿಡಿಭಾಗಗಳನ್ನು ರೂಪಿಸುವ ಯಂತ್ರಗಳ ಸಾಲನ್ನು) ತುಮಕೂರಿನಿಂದಾಚೆಗಿನ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಿಸಲು ಮಾಲೀಕರು ತಾತ್ವಿಕವಾಗಿ ತೀರ್ಮಾನಿಸಿದ್ದರು. ಯಾವಾಗ, ಎಷ್ಟು ಜನ, ಯಾವ ಷರತ್ತಿನ ಮೇಲೆ ಎಂಬುದೊಂದೂ ನಿಶ್ಚಯವಾಗಿರಲಿಲ್ಲ. ಗಿರಾಕಿ ಕಂಪನಿಯ ಒಪ್ಪಿಗೆ ಸಿಗುವವರೆಗೆ ಯಾರಿಗೂ ಹೇಳಬಾರದೆಂದು ಅವರಿಗೆ ಕಟ್ಟಪ್ಪಣೆಯಾಗಿತ್ತು. ಅವರು ಹೇಳಲಿಲ್ಲ. ಆದರೆ ಯಂತ್ರಗಳ ಪಾಯ ಅಳೆಯಲು ಹೊರಗಿನವರು ಬಂದು ಹೋದದ್ದನ್ನು ಇಡೀ ಶಿಫ್ಟು ಕಂಡಿತ್ತು. ವಾರದೊಳಗೆ ಕಾರ್ಖಾನೆಯೇ ಮುಚ್ಚುತ್ತದೆ, ಜಾಗವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಮಾರಿಯಾಗಿದೆ, ಕಾಯಂ ಆದವರಿಗೆ ಒಂದಿಷ್ಟು ಕೊಟ್ಟು ಕಾಂಟ್ರಾಕ್ಟ್ ಹುಡುಗರನ್ನು ಬರಿಗೈಯಲ್ಲಿ ಕಳಿಸುತ್ತಾರೆ ಎಂಬ ಗುಲ್ಲು ಕ್ಯಾಂಟೀನಿನಿಂದ ಮನೆಗಳಿಗೂ ತಲುಪಿತು. ಪೀಣ್ಯದಲ್ಲಿ ಹಳೆಯ ಶೆಡ್ಡುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುವುದನ್ನು ಕಣ್ಣಾರೆ ಕಂಡವರಿಗೆ ಅದನ್ನು ನಂಬಲು ಬೇರೆ ಪುರಾವೆ ಬೇಕಿರಲಿಲ್ಲ.

ಕೇಳಲು ಬಂದವರಿಗೆಲ್ಲ ಶ್ರೀಯುತರು ಕೊಟ್ಟ ಉತ್ತರ ಒಂದೇ: “ಏನೂ ಆಗಲ್ಲ ಹೋಗ್ರಪ್ಪ, ನಾನಿದ್ದೀನಲ್ಲ.” ಆಮೇಲೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳನ್ನು ಕೆಲಸಕ್ಕೆ ಹೊಂದಿಸುವ, ಅನುಭವಿಗಳಾದ ಇಬ್ಬರು ಸಿಎನ್‌ಸಿ ಸೆಟ್ಟರ್‌ಗಳು ಕೆಲಸ ಬಿಟ್ಟರು, ರಿಜೆಕ್ಷನ್ (ದೋಷದಿಂದ ತಿರಸ್ಕೃತವಾಗುವ ಬಿಡಿಭಾಗಗಳ ಪ್ರಮಾಣ) ಏರಿತು, ರಜೆಗಳು ಹೆಚ್ಚಾದವು. ರಾತ್ರಿ ಪಾಳಿಯ ಸೂಪರ್‌ವೈಸರ್ ಒಬ್ಬರಿಗೆ ಎದೆ ಬಿಗಿದು, ಕೈ ನಡುಗಿ, ಇಎಸ್‌ಐ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಇಸಿಜಿಯಲ್ಲಿ ದೋಷವೇನೂ ಕಾಣಲಿಲ್ಲ. ಇದು ಆತಂಕದ ಲಕ್ಷಣ ಎಂದು ವೈದ್ಯರು ಹೇಳಿದರು. ಮರುದಿನ ನೋಡಲು ಹೋದ ಶ್ರೀಯುತರಿಗೆ ಆ ಸೂಪರ್‌ವೈಸರ್ ಹೇಳಿದ ಮಾತು ಇದು: “ನೀವು ಏನೂ ಇಲ್ಲ ಅಂದ್ರಲ್ಲ ಸರ್, ಆವಾಗ್ಲೇ ನಂಗೆ ನಿಜವಾಗ್ಲೂ ಭಯ ಆಗಿದ್ದು.” ತಮಗೆ ನಿದ್ದೆ ಹೋದದ್ದು ಆ ರಾತ್ರಿಯಿಂದ ಎಂದು ಶ್ರೀಯುತರು ನೆನಪಿಸಿಕೊಂಡರು.

ಮಾತುಕತೆಯಲ್ಲಿ ಕಂಡದ್ದು

“ಇಷ್ಟು ವರ್ಷ ಅವರಿಗಾಗಿ ಇಷ್ಟೆಲ್ಲ ಮಾಡಿದೆ ಮೇಡಂ, ಈಗ ನನ್ನ ಮೇಲೆ ನಂಬಿಕೆಯೇ ಇಲ್ಲ ಅಂತಾರೆ” ಎಂಬುದು ಅವರ ಅಳಲು. ನಂಬಿಕೆಯ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟು, ಈಚೆಗೆ ಕೆಲಸಗಾರರೊಂದಿಗೆ ನಡೆದ ಕೆಲವು ಸಂಭಾಷಣೆಗಳನ್ನು ಮಾತಿಗೆ ಮಾತು ನೆನಪಿಸಿಕೊಂಡು ಹೇಳುವಂತೆ ಕೇಳಿದೆ. ಆಪ್ತಸಲಹೆಯಲ್ಲಿ ಇದು ಸರಳವಾದ ಕ್ರಮ. ಜನ ತಮ್ಮ ಬಗ್ಗೆ ಹೇಳುವ ಅಭಿಪ್ರಾಯಕ್ಕಿಂತ ಅವರು ಆಡಿದ ಮಾತು ಹೆಚ್ಚು ತಿಳಿಸುತ್ತದೆ. ಅವರು ಹೇಳಿದ ಪ್ರತಿಯೊಂದು ಸಂಭಾಷಣೆಯಲ್ಲೂ ಒಂದು ಸಂಗತಿ ಮರುಕಳಿಸುತ್ತಿತ್ತು: ಎದುರಿಗಿದ್ದವರು ವಾಕ್ಯ ಮುಗಿಸುವ ಮೊದಲೇ ಇವರ ಅಭಯ ಬಂದುಬಿಡುತ್ತಿತ್ತು. ‘ಸರ್, ಮನೆ ಸಾಲ ತಗೊಂಡಿದ್ದೀನಿ, ಒಂದು ವೇಳೆ…’ ಎಂಬಲ್ಲಿಗೆ ‘ಏನೂ ಯೋಚನೆ ಮಾಡಬೇಡ.’ ‘ಮಗಳ ಟೆನ್ತು ಸರ್ ಈ ವರ್ಷ…’ ಎಂಬಲ್ಲಿಗೆ ‘ನಾನು ನೋಡ್ಕೋತೀನಿ.’

ಇಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ. ಮತ್ತೊಬ್ಬರ ಆತಂಕವನ್ನು ಎದುರಿಗೆ ಕೂತು ಸಹಿಸಿಕೊಳ್ಳುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ. ಅಭಯ ಕೊಟ್ಟ ಕೂಡಲೇ ಮಾತು ನಿಲ್ಲುತ್ತದೆ, ಎದುರಿನವರು ಎದ್ದು ಹೋಗುತ್ತಾರೆ, ಆ ಕ್ಷಣಕ್ಕೆ ಇವರ ಎದೆ ಹಗುರಾಗುತ್ತದೆ. ಹಾಗೆ ನೋಡಿದರೆ ಆ ಸಮಾಧಾನ ಕೆಲಸಗಾರರಿಗಿಂತ ಹೆಚ್ಚಾಗಿ ಅವರಿಗೇ ಬೇಕಾಗಿತ್ತು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸಿಟ್ಟಾಗಿಯೇ ಇದ್ದರು. ಸಿಟ್ಟು ಸಹಜವಾದದ್ದು. ಆಡಳಿತ ತರಬೇತಿಗಳಲ್ಲಿ ಹೇಳಿಕೊಡುವ ಪಾಠಗಳು ಹೆಚ್ಚಾಗಿ ಬಿರುಸಿನ, ದೂರ ನಿಲ್ಲುವ ಅಧಿಕಾರಿಗಳನ್ನು ಮೃದುವಾಗಿಸಲು ರೂಪುಗೊಂಡಿವೆ. ಪ್ರೀತಿಯಿಂದಲೇ ಮಾತು ಮುಚ್ಚಿಸುವ ಅಧಿಕಾರಿಗೆ ಏನು ಹೇಳಬೇಕೆಂಬುದು ಅವುಗಳಲ್ಲಿ ಅಪರೂಪ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಖಾಸಗಿ ಶಾಲೆಗಳಲ್ಲಿ ಇಂಥ ಹಿರಿಯರು ಅನೇಕರಿದ್ದಾರೆಂದು ನನಗೆ ತೋರುತ್ತದೆ. ಮನೆಯ ಯಜಮಾನನಿಗೆ ಎಲ್ಲ ಗೊತ್ತು, ಉಳಿದವರಿಗೆ ಗೊತ್ತಾಗಬೇಕಾದ್ದಿಲ್ಲ ಎಂಬ ಹಳೆಯ ರೂಢಿ ಕಚೇರಿಗೂ ಹಾಗೆಯೇ ಬಂದಿದೆ.

ಗಾಳಿಸುದ್ದಿಯ ಬಗ್ಗೆ ಅವರಿಗಿದ್ದ ನಿಲುವನ್ನೂ ಸಡಿಲಿಸಬೇಕಾಯಿತು. ಯಾರೋ ಕಿಡಿಗೇಡಿಗಳು ಹಬ್ಬಿಸುತ್ತಿದ್ದಾರೆ, ಅವರನ್ನು ಪತ್ತೆ ಹಚ್ಚಿದರೆ ಸರಿಹೋಗುತ್ತದೆ ಎಂದು ಅವರು ನಂಬಿದ್ದರು. ಅಮೆರಿಕದ ಮನೋವಿಜ್ಞಾನಿಗಳಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ ಎರಡನೆಯ ಮಹಾಯುದ್ಧದ ಕಾಲದ ವದಂತಿಗಳನ್ನು ಅಭ್ಯಸಿಸಿ 1947ರಲ್ಲಿ ಪ್ರಕಟಿಸಿದ ತೀರ್ಮಾನವನ್ನು ಅವರಿಗೆ ವಿವರಿಸಿದೆ: ವಿಷಯ ಕೇಳುವವರಿಗೆ ಎಷ್ಟು ಮುಖ್ಯವೋ, ಅದರ ಬಗ್ಗೆ ಇರುವ ಮಾಹಿತಿ ಎಷ್ಟು ಅಸ್ಪಷ್ಟವೋ, ಅವೆರಡರ ಗುಣಲಬ್ಧದಷ್ಟು ವದಂತಿ ಬೆಳೆಯುತ್ತದೆ. ಅನ್ನದ ಪ್ರಶ್ನೆಯ ಮಹತ್ವವನ್ನು ಯಾವ ಮುಖ್ಯಸ್ಥನೂ ಇಳಿಸಲಾರ. ಅವನ ಕೈಯಲ್ಲಿರುವುದು ಅಸ್ಪಷ್ಟತೆಯನ್ನು ತಗ್ಗಿಸುವುದೊಂದೇ.

ನೀಡಿದ ಸಲಹೆ

ಮೊದಲನೆಯ ಸಲಹೆ ಕೆಲಸಗಾರರ ಬಳಿ ಹೋಗುವುದಕ್ಕಿಂತ ಮುಂಚೆ ಮಾಲೀಕರ ಬಳಿ ಹೋಗಬೇಕೆಂಬುದು. ಗುಟ್ಟು ಕಾಯುತ್ತೇನೆಂದು ಕೊಟ್ಟ ಮಾತನ್ನು ಮುರಿಯುವಂತೆ ನಾನು ಹೇಳಲಾರೆ, ಹೇಳಬಾರದು ಕೂಡ. ಆದರೆ ಗುಟ್ಟು ಈಗಾಗಲೇ ಗುಟ್ಟಾಗಿ ಉಳಿದಿಲ್ಲ, ಅದರ ವಿಕೃತ ರೂಪ ಶಾಪ್‌ಫ್ಲೋರಿನಲ್ಲಿ ಓಡಾಡುತ್ತಿದೆ, ರಾಜೀನಾಮೆಯಲ್ಲಿ ಮತ್ತು ರಿಜೆಕ್ಷನ್ನಿನಲ್ಲಿ ಅದರ ಬೆಲೆ ಕಾಣುತ್ತಿದೆ ಎಂಬುದನ್ನು ಮಾಲೀಕರ ಮುಂದೆ ಇಟ್ಟು, ಯಾವುದನ್ನು ಹೇಳಬಹುದು, ಯಾವುದನ್ನು ಹೇಳುವಂತಿಲ್ಲ ಎಂಬುದನ್ನು ಬರಹದಲ್ಲಿ ನಿಶ್ಚಯಿಸಿಕೊಂಡು ಬರಬೇಕೆಂದು ಸೂಚಿಸಿದೆ. ಕಾನೂನಿನ ವಿಷಯವನ್ನು ಸಂಸ್ಥೆಯ ವಕೀಲರಿಗೆ ಬಿಟ್ಟೆವು. ಕೆಲವು ಸೇವಾ ಷರತ್ತುಗಳನ್ನು ಬದಲಿಸುವ ಮೊದಲು 21 ದಿನಗಳ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9-ಎ ಕಲಮು ವಿಧಿಸಿತ್ತು; ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ಅವಧಿ ಉಳಿದಿದೆ. ಆದರೆ ನೋಟಿಸು ಹಚ್ಚುವ ದಿನವೇ ಮಾತಾಡಲು ಶುರುಮಾಡುವ ಮುಖ್ಯಸ್ಥ ಕಾನೂನು ಪಾಲಿಸಿದಂತಾಗಬಹುದು, ಮನುಷ್ಯರೊಡನೆ ಮಾತಾಡಿದಂತಾಗುವುದಿಲ್ಲ.

ಅವರ ದೊಡ್ಡ ಆಕ್ಷೇಪ ಇದ್ದದ್ದು ಇಲ್ಲಿ. ಅರ್ಧಂಬರ್ಧ ಹೇಳಿದರೆ ಗಲಿಬಿಲಿ ಇನ್ನೂ ಹೆಚ್ಚುತ್ತದೆ, ಎಲ್ಲ ನಿಶ್ಚಯವಾದ ಮೇಲೆ ಒಂದೇ ಸಲ ಹೇಳುವುದು ಮೇಲು ಎಂಬುದು ಅವರ ವಾದ. ಮೇಲಿನ ಹುದ್ದೆಯಲ್ಲಿರುವ ಬಹುಪಾಲು ಜನ ಹೀಗೆಯೇ ಯೋಚಿಸುತ್ತಾರೆ. ಅವರಿಗೆ ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ಅಮೆರಿಕದ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ವಿವರಿಸಿದೆ. ಒಂದೇ ಕಂಪನಿಯ ಮೂರು ಕಾರ್ಖಾನೆಗಳ ಪೈಕಿ ಎರಡರಲ್ಲಿ, ದೊಡ್ಡ ಗುತ್ತಿಗೆಗಳು ಕೈತಪ್ಪಿದ್ದರಿಂದ, 10 ವಾರಗಳ ಮಟ್ಟಿಗೆ ಸಂಬಳವನ್ನು ಶೇ. 15ರಷ್ಟು ಕಡಿತ ಮಾಡಲಾಯಿತು. ಒಂದು ಕಾರ್ಖಾನೆಯಲ್ಲಿ ಕಂಪನಿಯ ಅಧ್ಯಕ್ಷರೇ ಬಂದು, ಸುಮಾರು ಒಂದೂವರೆ ಗಂಟೆ ಕೂತು, ಲೆಕ್ಕಪತ್ರಗಳನ್ನು ತೋರಿಸಿ, ವಿಷಾದ ತಿಳಿಸಿ, ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಇನ್ನೊಂದರಲ್ಲಿ ಹದಿನೈದು ನಿಮಿಷದಲ್ಲಿ ವಿಷಯ ತಿಳಿಸಿ ಸಭೆ ಮುಗಿಸಲಾಯಿತು. ಕಡಿತ ಎರಡೂ ಕಡೆ ಒಂದೇ ಆದರೂ ಸಾಮಗ್ರಿ ಕಳುವಾಗುವುದು ಎರಡನೆಯ ಕಾರ್ಖಾನೆಯಲ್ಲಿ ಬಹಳ ಹೆಚ್ಚಾಯಿತು. ಕೆಲಸ ಬಿಟ್ಟವರೂ ಅಲ್ಲೇ ಹೆಚ್ಚು. ಕೆಟ್ಟ ಸುದ್ದಿ ಕೇಳಿದ್ದಕ್ಕಿಂತ ಅದನ್ನು ಕೇಳಿಸಿದ ರೀತಿ ಅಲ್ಲಿ ಹೆಚ್ಚು ಕೆಡಕು ಮಾಡಿತ್ತು.

ಹೇಳುವುದನ್ನು ಮೂರು ಭಾಗ ಮಾಡಿಕೊಳ್ಳಲು ಸೂಚಿಸಿದೆ: ತೀರ್ಮಾನವಾಗಿರುವುದು, ಇನ್ನೂ ತೀರ್ಮಾನವಾಗದಿರುವುದು, ತಮಗೆ ಗೊತ್ತಿದ್ದರೂ ಈಗ ಹೇಳುವಂತಿಲ್ಲದ್ದು. ಮೂರನೆಯದನ್ನು ಬಹುತೇಕ ಹಿರಿಯ ಅಧಿಕಾರಿಗಳು ಮರೆಮಾಚಿ ಎರಡನೆಯದರೊಳಗೆ ಸೇರಿಸಿಬಿಡುತ್ತಾರೆ; ಮುಂದೆ ಅದು ಬಯಲಾದಾಗ ಮೊದಲೆರಡು ಭಾಗಗಳಲ್ಲಿ ಹೇಳಿದ್ದ ನಿಜವೂ ಸುಳ್ಳಿನಂತೆ ಕಾಣತೊಡಗುತ್ತದೆ. ಕೊನೆಯಲ್ಲಿ ಮತ್ತೆ ಯಾವ ದಿನ ಮಾತಾಡುತ್ತೇನೆಂದು ತಾರೀಖು ಹೇಳಲೇಬೇಕು. ಮಾತುಗಳನ್ನು ಇಬ್ಬರೂ ಕೂತು ಬರೆದೆವು. ಅದರ ಒಂದು ಭಾಗ ಹೀಗಿತ್ತು:

“ಒಂದು ಲೈನನ್ನು ವಸಂತನರಸಾಪುರಕ್ಕೆ ಒಯ್ಯುವ ವಿಚಾರ ಇದೆ. ಇದು ನಿಜ. ನೀವು ಕೇಳಿದಾಗ ಏನೂ ಇಲ್ಲ ಎಂದು ನಾನು ಹೇಳಿದ್ದು ಸರಿಯಾಗಿರಲಿಲ್ಲ. ಇಡೀ ಕಾರ್ಖಾನೆ ಮುಚ್ಚುವ ತೀರ್ಮಾನ ಆಗಿಲ್ಲ. ಯಾರು ಹೋಗಬೇಕು, ಯಾವಾಗ ಹೋಗಬೇಕು ಎಂಬುದು ಇನ್ನೂ ನಿಶ್ಚಯವಾಗಿಲ್ಲ. ಗಿರಾಕಿ ಕಂಪನಿಯ ಜೊತೆ ನಡೆಯುತ್ತಿರುವ ಮಾತುಕತೆಯ ವಿವರ ನನಗೆ ಗೊತ್ತು, ಆದರೆ ಈಗ ಹೇಳಲು ನನಗೆ ಅನುಮತಿ ಇಲ್ಲ. ಮುಂದಿನ ತಿಂಗಳ ಮೊದಲ ಸೋಮವಾರ ಇದೇ ಹೊತ್ತಿಗೆ ಮತ್ತೆ ಸೇರೋಣ. ಹೇಳಲು ಹೊಸದೇನೂ ಇಲ್ಲದಿದ್ದರೂ ಸೇರೋಣ.”

ಇದನ್ನು ಓದಿ ನೋಡಿದ ಶ್ರೀಯುತರು ‘ನಾನಿದ್ದೀನಿ, ಯಾರಿಗೂ ತೊಂದರೆ ಆಗಲು ಬಿಡಲ್ಲ’ ಎಂಬ ಸಾಲನ್ನು ಸೇರಿಸಬೇಕೆಂದರು. ಬಿಡದಿರಲು ನಿಮ್ಮ ಕೈಯಲ್ಲಿ ಅಧಿಕಾರ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ತಮ್ಮ ಅಧಿಕಾರದಲ್ಲಿ ಇಲ್ಲದ್ದನ್ನು ಮಾತಿನಲ್ಲಿ ಕೊಟ್ಟರೆ ಅದು ಮೂಗಿಗೆ ತುಪ್ಪ ಸವರಿದಂತೆ. ಅದರ ಬದಲು ಅಧಿಕಾರದಲ್ಲಿ ಇರುವ ಸಣ್ಣದನ್ನೇ ಹೇಳಿ ಎಂದೆ. ಮಕ್ಕಳ ಶಾಲಾ ವರ್ಷದ ನಡುವೆ ಯಾರನ್ನೂ ವರ್ಗ ಮಾಡಬಾರದೆಂದು ಮಾಲೀಕರಿಗೆ ಬರೆದು ಕೇಳುವುದು ಅವರಿಂದ ಆಗುತ್ತಿತ್ತು. ಆ ಸಾಲು ಉಳಿಯಿತು.

ಯಾರಿಗೆ ಮೊದಲು ಹೇಳಬೇಕೆಂಬ ಪ್ರಶ್ನೆಯ ಮೇಲೆ ಸಾಕಷ್ಟು ಹೊತ್ತು ಕಳೆದೆವು. ಸೂಪರ್‌ವೈಸರ್‌ಗಳ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂಥದ್ದು: ಮೇಲಿನವರ ಮಾತು ಅವರಿಗೆ ತಿಳಿಯುವುದಿಲ್ಲ, ಕೆಳಗಿನವರ ಪ್ರಶ್ನೆ ಅವರನ್ನು ಬಿಡುವುದಿಲ್ಲ. ಕೆಲಸಗಾರರ ಜೊತೆಗೇ ನಿಂತು ಅವರೂ ಮೊದಲ ಬಾರಿಗೆ ಸುದ್ದಿ ಕೇಳಿದರೆ, ಆ ಕ್ಷಣದಿಂದ ತಮ್ಮ ತಂಡದ ಮುಂದೆ ಅವರಿಗೆ ಮುಖವಿರುವುದಿಲ್ಲ. ಆದ್ದರಿಂದ ಅದೇ ದಿನ ಬೆಳಗ್ಗೆ ಸೂಪರ್‌ವೈಸರ್‌ಗಳಿಗೆ, ಅದರ ಬೆನ್ನಿಗೇ ಯೂನಿಯನ್ ಪದಾಧಿಕಾರಿಗಳಿಗೆ, ಮಧ್ಯಾಹ್ನದೊಳಗೆ ಎಲ್ಲರಿಗೂ ಎಂಬ ಕ್ರಮ ಇಟ್ಟುಕೊಂಡೆವು. ಹೆಚ್ಚು ಅಂತರ ಬಿಟ್ಟರೆ ಸೋರಿಕೆಯಾಗುತ್ತದೆ. ‘ನನಗೆ ಗೊತ್ತಿಲ್ಲ, ಕೇಳಿ ನಾಳೆ ಹೇಳುತ್ತೇನೆ’ ಎನ್ನುವ ಅಧಿಕಾರವನ್ನು ಸೂಪರ್‌ವೈಸರ್‌ಗಳಿಗೆ ಬಾಯಿಬಿಟ್ಟು ಕೊಡಬೇಕೆಂದು ಹೇಳಿದೆ. ಇದು ಕೇಳಲು ಅಲ್ಪ ಅನ್ನಿಸುತ್ತದೆ. ಆದರೆ ಗೊತ್ತಿಲ್ಲ ಎಂದರೆ ಅಸಮರ್ಥ ಎನಿಸಿಕೊಳ್ಳುವ ಭಯದಿಂದ ಊಹೆಯನ್ನೇ ಉತ್ತರವಾಗಿ ಕೊಡುವ ಮಧ್ಯಮ ಹಂತದವರು ಎಲ್ಲ ಕಡೆಯೂ ಇದ್ದಾರೆ. ಇದೇ ಗ್ರೀನ್‌ಬರ್ಗ್ ಅವರ 2006ರ ಇನ್ನೊಂದು ಅಧ್ಯಯನ ನಾಲ್ಕು ಆಸ್ಪತ್ರೆಗಳ ದಾದಿಯರ ಬಗೆಗಿನದು. ಸಂಬಳದ ಪದ್ಧತಿ ಬದಲಾಗಿ ಆದಾಯ ಕಡಿಮೆಯಾದ ದಾದಿಯರಲ್ಲಿ ನಿದ್ರಾಹೀನತೆ ಹೆಚ್ಚಿತು. ಆದರೆ ಗೌರವದಿಂದ ನಡೆದುಕೊಳ್ಳುವ, ಕಾರಣ ವಿವರಿಸುವ ತರಬೇತಿಯನ್ನು ತಮ್ಮ ಮೇಲ್ವಿಚಾರಕರು ಪಡೆದಿದ್ದ ಕಡೆ ಅದು ಅಷ್ಟು ಹೆಚ್ಚಲಿಲ್ಲ, ಮತ್ತು ಆರು ತಿಂಗಳ ನಂತರವೂ ಆ ಫಲ ಉಳಿದಿತ್ತು. ನಿದ್ದೆ ಕಳೆದುಕೊಂಡು ಬಂದಿದ್ದ ಶ್ರೀಯುತರಿಗೆ ಈ ಅಧ್ಯಯನ ಮೊದಲಿನದಕ್ಕಿಂತ ಹೆಚ್ಚು ತಟ್ಟಿತು.

ಸಭೆ ಹೇಗಿರಬೇಕೆಂಬುದರಲ್ಲಿ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಗೇಟಿನ ಬಳಿ ಮೈಕ್ ಹಿಡಿದು ಹೇಳುವುದು ಬೇಡ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದು ಬೇಡ. ಇಪ್ಪತ್ತು, ಮೂವತ್ತು ಜನರ ಗುಂಪಾಗಿ, ಕೆಲಸದ ಅವಧಿಯಲ್ಲೇ, ರಾತ್ರಿ ಪಾಳಿಯವರಿಗೂ ಅವರ ಪಾಳಿಯಲ್ಲೇ ಹೋಗಿ ಹೇಳಬೇಕು. ರಾತ್ರಿ ಪಾಳಿಯವರಿಗೆ ಸುದ್ದಿ ಯಾವಾಗಲೂ ಬೇರೆಯವರ ಬಾಯಿಂದಲೇ ತಲುಪುತ್ತದೆ ಎಂಬುದು ಅವರ ಹಳೆಯ ಕೊರಗು.

ಕೇಳಿಸಿಕೊಳ್ಳುವುದಕ್ಕೆ ಅಭ್ಯಾಸ ಬೇಕಿತ್ತು. ಮನೋಚಿಕಿತ್ಸಕ ಕಾರ್ಲ್ ರೋಜರ್ಸ್ 1952ರಲ್ಲಿ ಉದ್ಯಮದ ಮುಖ್ಯಸ್ಥರಿಗಾಗಿ ಬರೆದ ಲೇಖನವೊಂದರಲ್ಲಿ ಒಂದು ನಿಯಮ ಸೂಚಿಸಿದ್ದರು: ಎದುರಿನವರು ಹೇಳಿದ್ದನ್ನೂ ಅದರ ಹಿಂದಿನ ಭಾವನೆಯನ್ನೂ ಅವರಿಗೆ ಒಪ್ಪಿಗೆಯಾಗುವಂತೆ ತಿರುಗಿ ಹೇಳಿದ ಮೇಲಷ್ಟೇ ನಮ್ಮ ಮಾತು ಆಡಬೇಕು. ಇದನ್ನು ಶ್ರೀಯುತರೊಂದಿಗೆ ಹಲವು ಬಾರಿ ಆಡಿ ನೋಡಿದೆವು. ನಾನು ಕೆಲಸಗಾರನಾಗಿ ಕೇಳುವುದು, ಅವರು ಉತ್ತರಿಸುವುದು. ‘ಮನೆ ಸಾಲದ ಕಂತು ಕಟ್ಟೋಕಾಗದೆ ಹೋದರೆ ಅನ್ನೋ ಭಯ ನಿಮಗೆ’ ಎಂದು ಹೇಳಿ ಅಲ್ಲಿಗೇ ನಿಲ್ಲಿಸುವುದು ಮೊದಮೊದಲು ಅವರಿಂದ ಆಗಲಿಲ್ಲ, ‘ಆದ್ರೆ ಯೋಚನೆ ಮಾಡಬೇಡಿ’ ಎಂಬ ಬಾಲ ತಾನಾಗಿ ಅಂಟಿಕೊಳ್ಳುತ್ತಿತ್ತು. ಅಲ್ಲಿ ನಿಲ್ಲುವುದು ನಿಷ್ಕರುಣೆಯಲ್ಲವೇ ಎಂದೂ ಕೇಳಿದರು. ಭಯ ಇರುವುದು ನಿಜವಾದಾಗ ಅದನ್ನು ಇದೆ ಎಂದು ಒಪ್ಪುವುದರಲ್ಲಿ ನಿಷ್ಕರುಣೆ ಇಲ್ಲ. ಸಿಟ್ಟಿನ ಮಾತು ಬಂದರೂ ಇದೇ ಕ್ರಮ. ಸಿಟ್ಟಿಗೆ ಸಮಜಾಯಿಷಿ ಕೊಡಬಾರದು, ಅದರೊಳಗಿನ ಪ್ರಶ್ನೆಯನ್ನು ಹೊರತೆಗೆದು ಅದಕ್ಕೆ ಉತ್ತರ ಕೊಡಬೇಕು.

ಸಹಾಯದ ಲೆಕ್ಕ

ಈ ಪ್ರಕರಣದಲ್ಲಿ ನನಗೆ ಅತಿ ಕಠಿಣವೆನಿಸಿದ್ದು ಶ್ರೀಯುತರ ಔದಾರ್ಯದ ಬಗ್ಗೆ ಮಾತಾಡುವುದು. ತಾವು ಫೀಸು ಕಟ್ಟಿದ ಮಕ್ಕಳ ಹೆಸರುಗಳನ್ನು ಅವರು ಹೆಮ್ಮೆಯಿಂದಲೇ ಹೇಳಿದ್ದರು. ಸ್ಥಳಾಂತರದ ಬಗ್ಗೆ ನೇರವಾಗಿ ಪ್ರಶ್ನೆ ಕೇಳಿದವರು ಯಾರು, ಕೇಳದೆ ಒಳಗೊಳಗೇ ಕುದಿದವರು ಯಾರು ಎಂದು ವಿಚಾರಿಸುತ್ತ ಹೋದಾಗ, ಅವರಿಂದ ಸಹಾಯ ಪಡೆದವರಲ್ಲಿ ಹೆಚ್ಚಿನವರು ಎರಡನೆಯ ಗುಂಪಿನಲ್ಲಿದ್ದುದು ಅವರಿಗೇ ಹೊಳೆಯಿತು. ಆಸ್ಪತ್ರೆಗೆ ಸೇರಿದ ಸೂಪರ್‌ವೈಸರ್ ಕೂಡ ಹಿಂದೊಮ್ಮೆ ಅವರಿಂದ ಸಾಲ ಪಡೆದಿದ್ದರು. ಋಣ ಇದ್ದವರು ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಕೃತಘ್ನರಾಗುತ್ತೇವೆಂದು ಹಿಂಜರಿಯುತ್ತಾರೆ. ಹಾಗಾಗಿ ಮುಖ್ಯಸ್ಥರ ವೈಯಕ್ತಿಕ ಉಪಕಾರ, ಅವರು ಬಯಸದಿದ್ದರೂ, ಕಾರ್ಖಾನೆಯಲ್ಲಿ ಬಾಯಿಗಳನ್ನು ಮುಚ್ಚಿಸುತ್ತಿತ್ತು. ಸಹಾಯ ಸಿಗದವರಿಗೆ ಇದು ಒಳಬಳಗದ ವ್ಯವಹಾರವಾಗಿ ಕಂಡಿರಲೂ ಸಾಕು.

ಸಹಾಯ ನಿಲ್ಲಿಸಿ ಎಂದು ಹೇಳಲಿಲ್ಲ. ಅದನ್ನು ತಮ್ಮ ಕೈಯಿಂದ ಬಿಡಿಸಿ ನಿಯಮಕ್ಕೆ ಒಪ್ಪಿಸಿ ಎಂದೆ. ಶಾಲಾ ಶುಲ್ಕಕ್ಕೆ, ಆಸ್ಪತ್ರೆ ಖರ್ಚಿಗೆ ಸಂಸ್ಥೆಯಿಂದಲೇ ಒಂದು ಕ್ಷೇಮನಿಧಿ, ಕೆಲಸಗಾರರ ಪ್ರತಿನಿಧಿಗಳೂ ಇರುವ ಸಣ್ಣ ಸಮಿತಿ, ಎಲ್ಲರಿಗೂ ಒಂದೇ ಅರ್ಜಿ. ಕಾಂಟ್ರಾಕ್ಟ್ ಕೆಲಸಗಾರರನ್ನು ಇದರಿಂದ ಹೊರಗಿಡಬಾರದೆಂದು ಒತ್ತಿ ಹೇಳಿದೆ, ಏಕೆಂದರೆ ಸ್ಥಳಾಂತರದ ಮಾತು ಬಂದಾಗ ಎಲ್ಲರಿಗಿಂತ ಮೊದಲು ಹೋಗುವವರು ಅವರೇ, ಸಭೆಗೆ ಕರೆಯಲು ಎಲ್ಲರಿಗಿಂತ ಮೊದಲು ಮರೆಯುವುದೂ ಅವರನ್ನೇ. ಸ್ಥಳಾಂತರಕ್ಕೆ ಸಂಬಂಧಿಸಿದ ಬೆಂಬಲವೂ ಮಾತಿನಲ್ಲಿ ಉಳಿಯದೆ ಕಾಗದಕ್ಕೆ ಇಳಿಯಬೇಕು: ಕಂಪನಿ ಬಸ್ಸು ಎಲ್ಲಿಂದ ಎಲ್ಲಿಯವರೆಗೆ, ಹೊಸ ಜಾಗದಲ್ಲಿ ಇಎಸ್‌ಐ ಚಿಕಿತ್ಸೆ ಎಲ್ಲಿ ಸಿಗುತ್ತದೆ, ಬರಲಾಗದವರಿಗೆ ಏನು ಆಯ್ಕೆ, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರಿಗೆ ಪಾಳಿ ಬದಲಾವಣೆ ಸಾಧ್ಯವೇ. ಇವುಗಳಿಗೆ ಉತ್ತರ ಸಿಕ್ಕಾಗ ಆತಂಕ ಇಳಿಯುತ್ತದೆ. ಒತ್ತಡ ನಿರ್ವಹಣೆಯ ಉಪನ್ಯಾಸ ಏರ್ಪಡಿಸಿದರೆ ಇಳಿಯುವುದಿಲ್ಲ. ಕೆಲಸದಿಂದ ಉಂಟಾಗುವ ತೀವ್ರ ಬಳಲಿಕೆಯನ್ನು (ಬರ್ನ್ಔಟ್) ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಕಾಯಿಲೆಯೆಂದು ಕರೆದಿಲ್ಲ. ಸಮರ್ಪಕವಾಗಿ ನಿರ್ವಹಿಸದ ಕೆಲಸದ ಒತ್ತಡದ ಪರಿಣಾಮವೆಂದು, ಔದ್ಯೋಗಿಕ ವಿದ್ಯಮಾನವೆಂದು ವಿವರಿಸಿದೆ. ನಿರ್ವಹಿಸಬೇಕಾದವರು ಯಾರೆಂಬುದನ್ನು ಮೇಲಿನವರು ಕೇಳಿಕೊಳ್ಳಬೇಕು.

ಅವರ ಸ್ವಂತ ನಿದ್ದೆಯ ವಿಷಯಕ್ಕೆ ಮನೋವೈದ್ಯರೊಬ್ಬರ ಬಳಿ ಕಳಿಸಿದೆ. ರಕ್ತದೊತ್ತಡವೂ ಏರಿತ್ತು. ಸೂಪರ್‌ವೈಸರ್‌ಗೆ ಮತ್ತು ಇತರರಿಗೆ ತಿಳಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ರ ವಿವರ ಕೊಟ್ಟೆ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ನೋಡಲ್ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಆಮೇಲೆ ಆದದ್ದು

ಮಾಲೀಕರು ಒಪ್ಪಲು ಕೆಲವು ವಾರ ಹಿಡಿಯಿತು. ಮೊದಲ ಸಭೆ ಚೆನ್ನಾಗಿ ನಡೆಯಲಿಲ್ಲ. ಜಾಗ ಮಾರಿದ್ದು ನಿಜವೋ ಸುಳ್ಳೋ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಇನ್ನೊಂದು ಗುಂಪಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹಿಂದೆ ಏನೂ ಇಲ್ಲ ಎಂದದ್ದು ತಪ್ಪು ಎಂದು ಅವರು ಹೇಳಿದ್ದಕ್ಕೆ ಯೂನಿಯನ್ನಿನವರು ‘ಹಾಗಾದರೆ ಇವತ್ತು ಹೇಳ್ತಿರೋದನ್ನ ಯಾಕೆ ನಂಬಬೇಕು’ ಎಂದು ಕೇಳಿದರಂತೆ. ಸರಿಯಾದ ಪ್ರಶ್ನೆ. ಅದಕ್ಕೆ ಮಾತಿನಲ್ಲಿ ಉತ್ತರವಿಲ್ಲ, ಹೇಳಿದ ತಾರೀಖಿಗೆ ಮತ್ತೆ ಹೋಗಿ ನಿಲ್ಲುವುದೊಂದೇ ಉತ್ತರ ಎಂದು ಅವರಿಗೆ ಹೇಳಿದೆ.

ಆ ತಾರೀಖು ಬಂದಾಗ ಮಾಲೀಕರ ಕಡೆಯಿಂದ ಹೊಸ ಸುದ್ದಿಯೇನೂ ಇರಲಿಲ್ಲ. ಸಭೆ ಮುಂದೂಡೋಣವೇ ಎಂದು ಶ್ರೀಯುತರು ಫೋನಿನಲ್ಲಿ ಕೇಳಿದರು. ಮುಂದೂಡಬೇಡಿ ಎಂದೆ. ಹೋದರು, ಹೇಳಲು ಹೊಸದಿಲ್ಲ ಎಂದು ಹೇಳಿದರು, ಕೂತು ಕೇಳಿಸಿಕೊಂಡರು. ಆ ಸಭೆಯಲ್ಲಿ ಪ್ರಶ್ನೆಗಳು ಸ್ಥಳಾಂತರದಿಂದ ಆಚೆಗೂ ಹೋದವು: ಓಟಿ ಲೆಕ್ಕ, ಕ್ಯಾಂಟೀನಿನ ನೀರು, ರಾತ್ರಿ ಪಾಳಿಯ ಬಸ್ಸು. ಇದರಿಂದ ಅವರಿಗೆ ಬೇಸರವಾಗಿತ್ತು, ನನಗೆ ಇದು ಒಳ್ಳೆಯ ಲಕ್ಷಣವಾಗಿ ಕಂಡಿತು. ಸಣ್ಣ ದೂರುಗಳನ್ನು ಹೇಳಲು ಜನರಿಗೆ ಧೈರ್ಯ ಬಂದಿದೆ ಎಂದರೆ ಮುಂದೆ ದೊಡ್ಡದನ್ನೂ ಹೇಳುತ್ತಾರೆ. ಸೂಪರ್‌ವೈಸರ್ ಚೇತರಿಸಿಕೊಂಡು ಹಗಲು ಪಾಳಿಗೆ ಬದಲಾವಣೆ ಕೇಳಿದರು, ಸಿಕ್ಕಿತು. ಕೆಲಸ ಬಿಡುವವರು ಬಿಟ್ಟರು. ಎಲ್ಲರನ್ನೂ ಉಳಿಸಿಕೊಳ್ಳುವುದು ಈ ಸಲಹೆಯ ಉದ್ದೇಶವೂ ಆಗಿರಲಿಲ್ಲ. ಕ್ಷೇಮನಿಧಿಗೆ ಮಾಲೀಕರ ಒಪ್ಪಿಗೆ ಸಿಕ್ಕಿತು, ಕಾಂಟ್ರಾಕ್ಟ್ ಕೆಲಸಗಾರರ ವಿಷಯದಲ್ಲಿ ಇನ್ನೂ ಇಲ್ಲ. ಶ್ರೀಯುತರ ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ.

ಕೊನೆಯ ಭೇಟಿಗಳಲ್ಲಿ ಅವರು ಒಂದು ಕೋರಿಕೆ ಇಟ್ಟರು: ನಾನೇ ಕಾರ್ಖಾನೆಗೆ ಬಂದು ಕೆಲಸಗಾರರಿಗೆ ಧೈರ್ಯ ಹೇಳಬೇಕು, ಯಾರು ಹೆಚ್ಚು ಕುಗ್ಗಿದ್ದಾರೆಂದು ತಮಗೆ ತಿಳಿಸಬೇಕು. ಎರಡಕ್ಕೂ ಒಪ್ಪಲಿಲ್ಲ. ಅಮೆರಿಕದ ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಸಂದರ್ಶಿಸಲಾಯಿತು. ಸಿದ್ಧ ಪ್ರಶ್ನೆಗಳನ್ನು ಬಿಟ್ಟು ಅವರಿಗೆ ಬೇಕಾದದ್ದನ್ನು ಮಾತಾಡಲು ಬಿಟ್ಟಾಗಲೇ ನಿಜ ಸಂಗತಿಗಳು ಹೊರಬಂದವು. ಅದೇ ಕಾರ್ಖಾನೆಯಲ್ಲಿ 1936ರಲ್ಲಿ ಆರಂಭವಾದ ಆಪ್ತಸಲಹಾ ವ್ಯವಸ್ಥೆ 1950ರ ದಶಕದಲ್ಲಿ ಕೊನೆಗೊಂಡಿತು. ಅದು ಕೆಲಸಗಾರರನ್ನು ಪರಿಸ್ಥಿತಿಗೆ ಒಗ್ಗಿಸುತ್ತದೆಯೇ ಹೊರತು ಪರಿಸ್ಥಿತಿಯನ್ನು ಬದಲಿಸುವುದಿಲ್ಲ ಎಂಬ ಟೀಕೆ ಅದರ ಮೇಲಿತ್ತು. ಈ ಟೀಕೆಯಲ್ಲಿ ಹುರುಳಿದೆ ಎಂದು ನನ್ನ ಅಭಿಪ್ರಾಯ. ಆಡಳಿತ ಹೇಳಬೇಕಾದ ಮಾತನ್ನು ಆಪ್ತಸಲಹೆಗಾರರ ಬಾಯಿಂದ ಹೇಳಿಸಿದರೆ ಕೆಲಸಗಾರರು ಇಬ್ಬರನ್ನೂ ನಂಬುವುದಿಲ್ಲ.

ಕೊನೆಗೆ ಒಪ್ಪಿಕೊಂಡ ಏರ್ಪಾಡು ಇಷ್ಟು. ಕಾರ್ಖಾನೆಗೆ ಸಂಬಂಧವಿಲ್ಲದ, ನನ್ನನ್ನು ಬಿಟ್ಟು ಬೇರೊಬ್ಬ ಆಪ್ತಸಲಹೆಗಾರರು ಗೊತ್ತಾದ ದಿನಗಳಲ್ಲಿ ಕಾರ್ಖಾನೆಯ ಹೊರಗಿನ ಕೋಣೆಯಲ್ಲಿ ಲಭ್ಯರಿರುತ್ತಾರೆ. ಹೋಗುವವರು ಎಚ್‌ಆರ್ ವಿಭಾಗದ ಮೂಲಕ ಹೋಗಬೇಕಾಗಿಲ್ಲ. ಖರ್ಚು ಸಂಸ್ಥೆಯದು. ಯಾರು ಬಂದರು, ಏನು ಹೇಳಿದರು ಎಂಬ ಮಾಹಿತಿ ಶ್ರೀಯುತರಿಗೂ ಸಿಗುವುದಿಲ್ಲ, ಮಾಲೀಕರಿಗೂ ಸಿಗುವುದಿಲ್ಲ. ಯಾರಿಗಾದರೂ ಜೀವಾಪಾಯವಿದ್ದರೆ ಮಾತ್ರ ಈ ನಿಯಮಕ್ಕೆ ವಿನಾಯಿತಿ, ಅದನ್ನೂ ಬಂದವರಿಗೆ ಮೊದಲೇ ತಿಳಿಸಲಾಗುತ್ತದೆ. ಈ ಷರತ್ತುಗಳನ್ನು ಶ್ರೀಯುತರೇ ಮುಂದಿನ ಸೋಮವಾರದ ಸಭೆಯಲ್ಲಿ ಓದಿ, ನೋಟಿಸ್ ಬೋರ್ಡಿಗೂ ಹಾಕಿಸಿದರು.